ಒಮೆಗಾ-3 ಸಮೃದ್ಧ ಮೊಟ್ಟೆ: ಗ್ರಾಹಕರಿಗೆ ಹಾಗೂ ಕೋಳಿ ಸಾಕಣೆದಾರರಿಗೆ ಮಾಹಿತಿ

ಮಾರುಕಟ್ಟೆಯಲ್ಲಿ ಸಾಮಾನ್ಯ ಮೊಟ್ಟೆಗಳ ಜೊತೆಗೆ “ಒಮೆಗಾ-3 ಸಮೃದ್ಧ”, “ಪೌಷ್ಟಿಕ ಮೊಟ್ಟೆ”, “ಹೃದಯಸ್ನೇಹಿ ಮೊಟ್ಟೆ” ಮುಂತಾದ ಹೆಸರುಗಳಲ್ಲಿ ಪೊಟ್ಟಣ ಕಟ್ಟಿದ ಮೊಟ್ಟೆಗಳು ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ. ಇಂತಹ ಮೊಟ್ಟೆಗಳಲ್ಲಿ ನಿಜವಾಗಿ ಇರುವುದೇನು, ಅವುಗಳಿಗೆ ಹೆಚ್ಚಿನ ಬೆಲೆ ತೆರುವುದು ಯಾರಿಗೆ ಪ್ರಯೋಜನಕರ, ಅವುಗಳನ್ನು ಉತ್ಪಾದಿಸಿ ಮಾರಾಟ ಮಾಡಬಯಸುವ ಸಣ್ಣ ಸಾಕಣೆದಾರರು ಅರ್ಜಿ ಸಲ್ಲಿಸುವ ಮೊದಲು ತಿಳಿದಿರಬೇಕಾದ ಅಂಶಗಳು ಯಾವುವು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

ಮೊಟ್ಟೆಯಲ್ಲಿರುವ ಕೊಬ್ಬು

ಸುಮಾರು 50 ಗ್ರಾಂ ತಿನ್ನಬಹುದಾದ ಭಾಗವುಳ್ಳ ಒಂದು ಕೋಳಿಮೊಟ್ಟೆಯು ಅಂದಾಜು 70 ಕಿಲೋ ಕ್ಯಾಲೊರಿ ಶಕ್ತಿಯನ್ನು, 6 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನನ್ನು ಮತ್ತು 5 ಗ್ರಾಂನಷ್ಟು ಕೊಬ್ಬನ್ನು ಒದಗಿಸುತ್ತದೆ. ಈ ಕೊಬ್ಬು ಬಹುತೇಕ ಸಂಪೂರ್ಣವಾಗಿ ಹಳದಿ ಭಾಗದಲ್ಲಿಯೇ ಇರುತ್ತದೆ. ಬಿಳಿಯ ಭಾಗದಲ್ಲಿ ಕೊಬ್ಬಿನಂಶ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಒಮೆಗಾ-3 ಮೊಟ್ಟೆಯನ್ನು ಹೆಚ್ಚಿನ ಬೆಲೆಗೆ ಕೊಂಡು ಹಳದಿ ಭಾಗವನ್ನು ತೆಗೆದು ಎಸೆಯುವವರು ತಾವು ಬೆಲೆ ತೆತ್ತ ವಸ್ತುವನ್ನೇ ಎಸೆದಂತಾಗುತ್ತದೆ.

ಈ 5 ಗ್ರಾಂ ಕೊಬ್ಬಿನಲ್ಲಿ ಸುಮಾರು ಒಂದೂವರೆ ಗ್ರಾಂ ಪರ್ಯಾಪ್ತ ಕೊಬ್ಬು, ಎರಡು ಗ್ರಾಂಗೆ ಸಮೀಪದಷ್ಟು ಏಕ-ಅಪರ್ಯಾಪ್ತ ಕೊಬ್ಬು ಹಾಗೂ ಒಂದು ಗ್ರಾಂನಷ್ಟು ಬಹು-ಅಪರ್ಯಾಪ್ತ ಕೊಬ್ಬು ಇರುತ್ತದೆ. ಬಹು-ಅಪರ್ಯಾಪ್ತ ಕೊಬ್ಬಿನಲ್ಲಿ ಒಮೆಗಾ-6 ಮತ್ತು ಒಮೆಗಾ-3 ಎಂಬ ಎರಡು ಬಗೆಗಳಿದ್ದು, ಇವೆರಡನ್ನೂ ಮಾನವ ಶರೀರವು ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಸಾಮಾನ್ಯ ಮೊಟ್ಟೆಯಲ್ಲಿ ಒಮೆಗಾ-6 ಹೆಚ್ಚಾಗಿಯೂ ಒಮೆಗಾ-3 ಅತ್ಯಲ್ಪವಾಗಿಯೂ ಇರುತ್ತದೆ.

ಒಮೆಗಾ-3 ಎಂಬುದು ಒಂದೇ ವಸ್ತುವಲ್ಲ ಎಂಬುದನ್ನು ಗ್ರಾಹಕರು ವಿಶೇಷವಾಗಿ ಗಮನಿಸುವುದು. ಆಲ್ಫಾ ಲಿನೊಲೆನಿಕ್ ಆಮ್ಲ (ಎಎಲ್‌ಎ) ಎಂಬುದು ಸಸ್ಯಮೂಲದ್ದು. ಅಗಸೆ ಬೀಜ, ಆಕ್ರೋಟು, ಸಾಸಿವೆ ಎಣ್ಣೆ, ಸೋಯಾ ಎಣ್ಣೆಗಳಲ್ಲಿ ದೊರೆಯುತ್ತದೆ. ಇಪಿಎ ಮತ್ತು ಡಿಎಚ್‌ಎ ಎಂಬ ಉದ್ದ ಸರಪಳಿಯ ಆಮ್ಲಗಳು ಮುಖ್ಯವಾಗಿ ಮೀನು ಮತ್ತು ಸೂಕ್ಷ್ಮ ಪಾಚಿಗಳಲ್ಲಿ ದೊರೆಯುತ್ತವೆ. ಮಿದುಳು ಹಾಗೂ ಕಣ್ಣಿನ ಅಕ್ಷಿಪಟಲದ ರಚನೆಯಲ್ಲಿ ಬೇಕಾಗುವುದು ಡಿಎಚ್‌ಎ. ಎಎಲ್‌ಎಯನ್ನು ಡಿಎಚ್‌ಎ ಆಗಿ ಪರಿವರ್ತಿಸುವ ಸಾಮರ್ಥ್ಯ ಮಾನವ ಶರೀರಕ್ಕೆ ಇದೆಯಾದರೂ ಅದು ಬಹಳ ದುರ್ಬಲವಾದುದು. ವಯಸ್ಕರಲ್ಲಿ ಸೇವಿಸಿದ ಎಎಲ್‌ಎಯ ಅತಿ ಅಲ್ಪ ಅಂಶ ಮಾತ್ರ ಡಿಎಚ್‌ಎ ಹಂತವನ್ನು ತಲುಪುತ್ತದೆ. ಕೋಳಿಯ ಯಕೃತ್ತು ಈ ಕಾರ್ಯವನ್ನು ಮನುಷ್ಯನಿಗಿಂತ ಉತ್ತಮವಾಗಿ ನಿರ್ವಹಿಸುತ್ತದೆ. ಒಮೆಗಾ-3 ಮೊಟ್ಟೆಯ ಹಿಂದಿರುವ ತತ್ವವೇ ಇದು: ಮನುಷ್ಯ ಮಾಡಿಕೊಳ್ಳಲಾರದ ಕೆಲಸದ ಒಂದು ಭಾಗವನ್ನು ಕೋಳಿಯಿಂದ ಮಾಡಿಸುವುದು.

ಕೋಳಿ ತಿಂದುದು ಮೊಟ್ಟೆಗೆ ಬರುವ ಬಗೆ

ಕೋಳಿಯ ಆಹಾರದಲ್ಲಿರುವ ಕೊಬ್ಬಿಗೆ ಅನುಗುಣವಾಗಿ ಹಳದಿ ಭಾಗದ ಕೊಬ್ಬು ಬದಲಾಗುತ್ತದೆ ಎಂಬುದು ಹೊಸ ವಿಷಯವಲ್ಲ. ಕೇಂಬ್ರಿಡ್ಜ್‌ನ ಸಂಶೋಧಕಿ ಎಥೆಲ್ ಕ್ರೂಕ್‌ಶಾಂಕ್ ಇದನ್ನು 1934ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. 1989ರಲ್ಲಿ ಅಮೆರಿಕದ ಆರ್ಟೆಮಿಸ್ ಸಿಮೊಪೌಲೋಸ್ ಮತ್ತು ನಾರ್ಮನ್ ಸೇಲಮ್ ಎಂಬ ವಿಜ್ಞಾನಿಗಳು ಗ್ರೀಸ್ ದೇಶದ ಹಳ್ಳಿಯೊಂದರಲ್ಲಿ ಹುಲ್ಲು, ಸೊಪ್ಪು, ಹುಳುಹುಪ್ಪಟೆ ತಿಂದು ಬೆಳೆದ ಕೋಳಿಗಳ ಮೊಟ್ಟೆಯನ್ನು ಅಮೆರಿಕದ ಅಂಗಡಿಯ ಮೊಟ್ಟೆಯೊಂದಿಗೆ ಹೋಲಿಸಿ, ಮೊದಲನೆಯದರ ಹಳದಿಯಲ್ಲಿ ಒಮೆಗಾ-3 ಸುಮಾರು ಹತ್ತು ಪಟ್ಟು ಇರುವುದನ್ನು ವರದಿ ಮಾಡಿದರು. ಆ ಕೋಳಿಗಳು ಮೇಯುತ್ತಿದ್ದ ಸೊಪ್ಪುಗಳಲ್ಲಿ ಒಂದು, ನಮ್ಮ ಹೊಲದ ಬದುಗಳಲ್ಲಿ ಕಳೆಯಂತೆ ಬೆಳೆಯುವ ಗೋಣಿ ಸೊಪ್ಪು. ಆದರೆ ಇದರಿಂದ ನಾಟಿ ಕೋಳಿಯ ಮೊಟ್ಟೆಗಳೆಲ್ಲವೂ ಒಮೆಗಾ-3 ಸಮೃದ್ಧವೆಂದು ತೀರ್ಮಾನಿಸಲಾಗದು. ಹಿತ್ತಲಿನಲ್ಲಿ ಸಾಕಿದರೂ ಮುಖ್ಯವಾಗಿ ನುಚ್ಚು, ಜೋಳ, ಮನೆಯ ಉಳಿಕೆ ಅನ್ನವನ್ನೇ ತಿನ್ನುವ ಕೋಳಿಯ ಮೊಟ್ಟೆಯಲ್ಲಿ ಒಮೆಗಾ-3 ಹೆಚ್ಚಿರುವುದಕ್ಕೆ ಕಾರಣವಿಲ್ಲ.

ಹಳದಿ ಭಾಗದ ಕೊಬ್ಬು ಕೋಳಿಯ ಯಕೃತ್ತಿನಲ್ಲಿ ಸಿದ್ಧಗೊಂಡು ರಕ್ತದ ಮೂಲಕ ಅಂಡಾಶಯವನ್ನು ಸೇರುತ್ತದೆ. ಮೊಟ್ಟೆ ಹೊರಬರುವ ಮುಂಚಿನ ಏಳರಿಂದ ಹತ್ತು ದಿನಗಳಲ್ಲಿ ಹಳದಿಯು ಶೀಘ್ರವಾಗಿ ಬೆಳೆಯುತ್ತದೆ. ಹೀಗಾಗಿ ಇಂದು ಆಹಾರ ಬದಲಿಸಿದರೆ ನಾಳೆಯ ಮೊಟ್ಟೆ ಬದಲಾಗದು. ಪೂರ್ಣ ಪರಿಣಾಮ ಕಾಣಲು ಎರಡರಿಂದ ಮೂರು ವಾರಗಳು ಬೇಕು. ವಿಶೇಷ ಆಹಾರವನ್ನು ನಿಲ್ಲಿಸಿದಾಗಲೂ ಅದೇ ಅವಧಿಯಲ್ಲಿ ಮೊಟ್ಟೆಯು ಹಳೆಯ ಸ್ಥಿತಿಗೆ ಮರಳುತ್ತದೆ. ಅಗಸೆ ದುಬಾರಿಯಾದ ತಿಂಗಳು ಅದನ್ನು ಕೈಬಿಟ್ಟು, ಹಳೆಯ ಪೊಟ್ಟಣದಲ್ಲಿಯೇ ಮಾರಾಟ ಮುಂದುವರಿಸುವುದು ಗ್ರಾಹಕರಿಗೆ ಮಾಡುವ ವಂಚನೆಯಾಗುತ್ತದೆ.

ಆಹಾರದ ಮೂಲಗಳಲ್ಲಿ ಎರಡು ಬಗೆ. ಅಗಸೆ ಬೀಜವನ್ನು ತಿಂದ ಕೋಳಿಯ ಮೊಟ್ಟೆಯಲ್ಲಿ ಎಎಲ್‌ಎ ಬಹಳ ಹೆಚ್ಚುತ್ತದೆ, ಡಿಎಚ್‌ಎ ಒಂದು ಮಿತಿಯವರೆಗೆ ಹೆಚ್ಚುತ್ತದೆ. ಸಾಮಾನ್ಯ ಮೊಟ್ಟೆಯಲ್ಲಿ 30 ಮಿಲಿಗ್ರಾಂನ ಆಸುಪಾಸಿನಲ್ಲಿರುವ ಡಿಎಚ್‌ಎ ಪ್ರಮಾಣವು ಅಗಸೆಯಿಂದ 75ರಿಂದ 100 ಮಿಲಿಗ್ರಾಂವರೆಗೆ ಏರಬಹುದು. ಅದರಾಚೆಗೆ ಎಷ್ಟೇ ಅಗಸೆ ತಿನ್ನಿಸಿದರೂ ಎಎಲ್‌ಎ ಏರುತ್ತದೆಯೇ ಹೊರತು ಡಿಎಚ್‌ಎ ಹೆಚ್ಚು ಏರುವುದಿಲ್ಲ. ಮೀನೆಣ್ಣೆ ಅಥವಾ ಸೂಕ್ಷ್ಮ ಪಾಚಿಯನ್ನು ಬಳಸಿದಲ್ಲಿ ಡಿಎಚ್‌ಎ ನೇರವಾಗಿ ಹಳದಿಯನ್ನು ಸೇರುವುದರಿಂದ ಇದಕ್ಕಿಂತ ಹೆಚ್ಚಿನ ಪ್ರಮಾಣ ಸಾಧ್ಯ. ಆದರೆ ಮೀನೆಣ್ಣೆ ಹೆಚ್ಚಾದಲ್ಲಿ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ, ಪಾಚಿಯ ಬೆಲೆ ಅಧಿಕ.

ಪೊಟ್ಟಣದ ಮೇಲಿನ ಅಂಕಿ ಅಂಶವನ್ನು ಓದುವ ಕ್ರಮ

ಪೊಟ್ಟಣದ ಮೇಲೆ “ಒಮೆಗಾ-3: 400 ಮಿಲಿಗ್ರಾಂ” ಎಂದಷ್ಟೇ ಮುದ್ರಿಸಿದ್ದಲ್ಲಿ ಅದರಲ್ಲಿ ಡಿಎಚ್‌ಎ ಎಷ್ಟು, ಎಎಲ್‌ಎ ಎಷ್ಟು ಎಂಬುದು ತಿಳಿಯುವುದಿಲ್ಲ. ಅಗಸೆ ತಿನ್ನಿಸಿದ ಕೋಳಿಯ ಮೊಟ್ಟೆಯಾಗಿದ್ದರೆ ಅದರಲ್ಲಿ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾಗ ಎಎಲ್‌ಎ ಆಗಿರುವ ಸಂಭವವೇ ಹೆಚ್ಚು. ಕೇವಲ ಎಎಲ್‌ಎ ಬೇಕಾದವರು ಅದಕ್ಕಾಗಿ ಮೊಟ್ಟೆಯನ್ನು ಅವಲಂಬಿಸಬೇಕಾದ ಅಗತ್ಯವಿಲ್ಲ. ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ ಅಗಸೆ ಪುಡಿಯಲ್ಲಿ 1.6 ಗ್ರಾಂನಷ್ಟು ಎಎಲ್‌ಎ ಇರುತ್ತದೆ. ಇದು ಅಂತಹ ಐದು ಮೊಟ್ಟೆಗಳಿಗೆ ಸಮ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯೊಂದಿಗೆ ಬಡಿಸುವ ಅಗಸಿ ಹಿಂಡಿ ಈ ಕಾರ್ಯವನ್ನು ಬಹುಕಾಲದಿಂದ, ಯಾವ ಜಾಹೀರಾತೂ ಇಲ್ಲದೆ ಮಾಡಿಕೊಂಡು ಬಂದಿದೆ. (ಇಲ್ಲಿ ಹೇಳಿರುವುದು ಎಣ್ಣೆಕಾಳಾದ ಅಗಸೆ, ಸೊಪ್ಪು ಮತ್ತು ಹೂವಿಗಾಗಿ ಬೆಳೆಸುವ ಅಗಸೆ ಮರವಲ್ಲ. ಬೀಜದ ಅಂಗಡಿಯಲ್ಲಿ ಈ ಗೊಂದಲ ಆಗದಂತೆ ನೋಡಿಕೊಳ್ಳುವುದು.)

ಆದುದರಿಂದ ಒಮೆಗಾ-3 ಮೊಟ್ಟೆಯ ನಿಜವಾದ ಬೆಲೆ ಅದರಲ್ಲಿರುವ ಡಿಎಚ್‌ಎಯಲ್ಲಿದೆ. ಲೆಕ್ಕ ಹಾಕುವ ವಿಧಾನ ಸರಳವಾಗಿದೆ. ಉದಾಹರಣೆಗೆ, ಸಾಮಾನ್ಯ ಮೊಟ್ಟೆಯ ಬೆಲೆ 7 ರೂಪಾಯಿ, ಅದರಲ್ಲಿ ಡಿಎಚ್‌ಎ 30 ಮಿಲಿಗ್ರಾಂ. ಸಮೃದ್ಧ ಮೊಟ್ಟೆಯ ಬೆಲೆ 12 ರೂಪಾಯಿ, ಅದರಲ್ಲಿ ಡಿಎಚ್‌ಎ 100 ಮಿಲಿಗ್ರಾಂ ಎಂದಿಟ್ಟುಕೊಂಡಲ್ಲಿ, ಹೆಚ್ಚುವರಿ 70 ಮಿಲಿಗ್ರಾಂಗೆ ತೆರುವ ಹೆಚ್ಚುವರಿ ಬೆಲೆ 5 ರೂಪಾಯಿ. ಅಂದರೆ ಪ್ರತಿ ಮಿಲಿಗ್ರಾಂಗೆ ಸುಮಾರು 7 ಪೈಸೆ. ಎರಡು ಬ್ರಾಂಡ್‌ಗಳನ್ನು ಹೋಲಿಸುವಾಗ ಇದೇ ಲೆಕ್ಕವನ್ನು ಅನ್ವಯಿಸಬಹುದು. ಪೊಟ್ಟಣದ ಮೇಲೆ ಡಿಎಚ್‌ಎ ಪ್ರಮಾಣವೇ ಇಲ್ಲದಿದ್ದಲ್ಲಿ ಲೆಕ್ಕ ಹಾಕಲಾಗದು. ಅಂತಹ ಮೊಟ್ಟೆಗೆ ಹೆಚ್ಚಿನ ಬೆಲೆ ತೆರಲು ಕಾರಣವೂ ಇಲ್ಲ. ಅಂಕಿಯು ಒಂದು ಮೊಟ್ಟೆಗೋ, 100 ಗ್ರಾಂಗೋ ಎಂಬುದನ್ನೂ ನೋಡತಕ್ಕದ್ದು. 100 ಗ್ರಾಂ ಎಂದರೆ ಎರಡು ಮೊಟ್ಟೆ.

“ಒಮೆಗಾ-3ರ ಮೂಲ” ಎಂಬ ಮಾತು ಎಷ್ಟು ಹಗುರವಾದುದು ಎಂಬುದಕ್ಕೆ ಯುರೋಪ್ ಒಕ್ಕೂಟದ ನಿಯಮವನ್ನು ಉದಾಹರಿಸಬಹುದು. ಅಲ್ಲಿ 100 ಗ್ರಾಂ ಹಾಗೂ 100 ಕಿಲೋ ಕ್ಯಾಲೊರಿ ಆಹಾರದಲ್ಲಿ ಇಪಿಎ ಮತ್ತು ಡಿಎಚ್‌ಎ ಸೇರಿ 40 ಮಿಲಿಗ್ರಾಂ ಇದ್ದರೆ “ಮೂಲ” ಎಂದೂ, 80 ಮಿಲಿಗ್ರಾಂ ಇದ್ದರೆ “ಅಧಿಕ” ಎಂದೂ ಹೇಳಲು ಅವಕಾಶವಿದೆ. ಯಾವ ವಿಶೇಷ ಆಹಾರವನ್ನೂ ತಿನ್ನದ ಸಾಮಾನ್ಯ ಕೋಳಿಯ ಮೊಟ್ಟೆಯೇ ಈ ಮೊದಲ ಮಿತಿಯ ಆಸುಪಾಸಿನಲ್ಲಿರುತ್ತದೆ. ಆದುದರಿಂದ ವಿಶೇಷಣಗಳಿಗಿಂತ ಮಿಲಿಗ್ರಾಂ ಅಂಕಿಯನ್ನೇ ನೋಡುವುದು ಸೂಕ್ತ.

ಬಣ್ಣದಿಂದ ಗುರುತಿಸಲಾಗದು

ಕಡು ಕಿತ್ತಳೆ ಬಣ್ಣದ ಹಳದಿ ಇದ್ದರೆ ಒಮೆಗಾ-3 ಹೆಚ್ಚಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಹಳದಿಯ ಬಣ್ಣವು ಮೆಕ್ಕೆಜೋಳ, ಹಸಿರು ಸೊಪ್ಪು, ಚೆಂಡು ಹೂವಿನ ಸಾರ ಮುಂತಾದವುಗಳಲ್ಲಿರುವ ಕೆರೊಟಿನಾಯ್ಡ್ ವರ್ಣದ್ರವ್ಯಗಳಿಂದ ಬರುತ್ತದೆ. ಒಮೆಗಾ-3 ಕೊಬ್ಬಿಗೆ ಬಣ್ಣವಿಲ್ಲ. ಚಿಪ್ಪಿನ ಕಂದು ಬಣ್ಣವು ಕೋಳಿಯ ತಳಿಯನ್ನು ಸೂಚಿಸುತ್ತದೆಯೇ ವಿನಾ ಪೌಷ್ಟಿಕತೆಯನ್ನಲ್ಲ. “ಪಂಜರಮುಕ್ತ” ಎಂಬುದು ಸಾಕಣೆಯ ವಿಧಾನವನ್ನು ಹೇಳುತ್ತದೆ, ಕೊಬ್ಬಿನ ಬಗೆಯನ್ನಲ್ಲ. ನೀರಿನಲ್ಲಿ ಮುಳುಗಿಸಿ ನೋಡುವುದರಿಂದ ಮೊಟ್ಟೆಯ ತಾಜಾತನ ಸ್ವಲ್ಪಮಟ್ಟಿಗೆ ತಿಳಿಯಬಹುದು, ಒಮೆಗಾ-3 ತಿಳಿಯದು. ಅದನ್ನು ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮಟೋಗ್ರಫಿ ವಿಧಾನದಿಂದ ಮಾತ್ರ ಅಳೆಯಬಹುದಾಗಿದೆ. ಮನೆಯಲ್ಲಿ ಪರೀಕ್ಷಿಸಲಾಗದ ಗುಣಕ್ಕೆ ಗ್ರಾಹಕರು ಹಣ ತೆರುತ್ತಿರುವುದರಿಂದಲೇ ಪೊಟ್ಟಣದ ಮೇಲಿನ ಮಾತಿಗೆ ಕಾನೂನಿನ ಹೊಣೆಗಾರಿಕೆ ಇದೆ.

ಯಾರಿಗೆ ಪ್ರಯೋಜನ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ತಜ್ಞರ ವರದಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಕನಿಷ್ಠ 250 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಬೇಕು. ಗರ್ಭಿಣಿಯರಿಗೆ ಹಾಗೂ ಹಾಲುಣಿಸುವ ತಾಯಂದಿರಿಗೆ 300 ಮಿಲಿಗ್ರಾಂ ಬೇಕಾಗಿದ್ದು, ಅದರಲ್ಲಿ ಕನಿಷ್ಠ 200 ಮಿಲಿಗ್ರಾಂ ಡಿಎಚ್‌ಎ ಇರಬೇಕೆಂದು ಶಿಫಾರಸು ಮಾಡಲಾಗಿದೆ. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಶಿಶುವಿನ ಮಿದುಳು ಶೀಘ್ರವಾಗಿ ಬೆಳೆಯುವುದರಿಂದ ಡಿಎಚ್‌ಎ ತಾಯಿಯಿಂದಲೇ ಹೋಗಬೇಕು. ಜನನದ ನಂತರ ಎದೆಹಾಲಿನಲ್ಲಿರುವ ಡಿಎಚ್‌ಎ ಪ್ರಮಾಣವೂ ತಾಯಿಯ ಆಹಾರವನ್ನು ಅವಲಂಬಿಸಿರುತ್ತದೆ. ಗರ್ಭಿಣಿಯರು ಒಮೆಗಾ-3 ಹೆಚ್ಚಾಗಿ ಸೇವಿಸಿದಲ್ಲಿ ಅವಧಿಪೂರ್ವ ಹೆರಿಗೆಯ ಸಂಭವ ಕಡಿಮೆಯಾಗುತ್ತದೆ ಎಂದು 2018ರ ಕಾಕ್ರೇನ್ ವಿಮರ್ಶೆಯು ತಿಳಿಸಿದೆ. ಆದರೆ ಅದರಲ್ಲಿ ಪರಿಗಣಿಸಲಾದ ಅಧ್ಯಯನಗಳಲ್ಲಿ ಹೆಚ್ಚಿನವು ಮೊಟ್ಟೆಯಿಂದ ದೊರೆಯುವುದಕ್ಕಿಂತ ಅಧಿಕ ಪ್ರಮಾಣದ ಪೂರಕಗಳನ್ನು ಬಳಸಿದ್ದವು ಎಂಬುದನ್ನು ಮರೆಯಬಾರದು.

ಈ ಹಿನ್ನೆಲೆಯಲ್ಲಿ ಮಂಗಳೂರು, ಉಡುಪಿ, ಕಾರವಾರದ ಮೀನು ತಿನ್ನುವ ಮನೆಗಳಿಗೂ ಒಳನಾಡಿನ ಮನೆಗಳಿಗೂ ವ್ಯತ್ಯಾಸವಿದೆ. 100 ಗ್ರಾಂ ಬೂತಾಯಿ ಅಥವಾ ಬಂಗುಡೆ ಮೀನಿನಲ್ಲಿ ಋತುವಿಗೆ ಅನುಗುಣವಾಗಿ ಒಂದು ಗ್ರಾಂನ ಆಸುಪಾಸಿನಲ್ಲಿ ಇಪಿಎ ಮತ್ತು ಡಿಎಚ್‌ಎ ದೊರೆಯುತ್ತದೆ. ವಾರಕ್ಕೆ ಎರಡು ಮೂರು ಬಾರಿ ಇಂತಹ ಮೀನು ತಿನ್ನುವವರಿಗೆ ಒಮೆಗಾ-3 ಮೊಟ್ಟೆಯಿಂದ ಹೆಚ್ಚೇನೂ ಸೇರದು. ಮೀನು ಅಪರೂಪವಾದ, ಅಡುಗೆಗೆ ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆಯನ್ನೇ ಬಳಸುವ ಬಯಲುಸೀಮೆಯ ಮನೆಗಳಲ್ಲಿ ಸ್ಥಿತಿ ಬೇರೆ. ಆ ಎರಡೂ ಎಣ್ಣೆಗಳಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಂತಹ ಮನೆಯ ಗರ್ಭಿಣಿಯು ಮೊಟ್ಟೆ ತಿನ್ನುವವರಾಗಿದ್ದಲ್ಲಿ, 100 ಮಿಲಿಗ್ರಾಂ ಡಿಎಚ್‌ಎ ಇರುವ ಒಂದು ಮೊಟ್ಟೆಯು ಆಕೆಯ ದಿನದ ಅಗತ್ಯದ ಅರ್ಧವನ್ನು ಪೂರೈಸುತ್ತದೆ. ಸಾಮಾನ್ಯ ಮೊಟ್ಟೆಯು ಸುಮಾರು ಆರನೇ ಅಥವಾ ಏಳನೇ ಒಂದು ಭಾಗವನ್ನು ಮಾತ್ರ. ಮನೆಯಲ್ಲಿ ಎಲ್ಲರಿಗೂ ದುಬಾರಿ ಮೊಟ್ಟೆ ತರಲು ಆಗದಿದ್ದಲ್ಲಿ ಬಸುರಿ, ಬಾಣಂತಿಗೆ ಮಾತ್ರ ಅದನ್ನು ಮೀಸಲಿಡುವುದು ವಿವೇಕಯುತ.

ಇದೇ ಕಾರಣಕ್ಕೆ ಇನ್ನೊಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಒಮೆಗಾ-3 ಮೊಟ್ಟೆ ಕೊಳ್ಳಲಾಗುವುದಿಲ್ಲವೆಂದು ಸಾಮಾನ್ಯ ಮೊಟ್ಟೆಯನ್ನೇ ಕೈಬಿಡುವುದು ಅಥವಾ ಎರಡು ಸಾಮಾನ್ಯ ಮೊಟ್ಟೆಗಳ ಹಣದಲ್ಲಿ ಒಂದು ವಿಶೇಷ ಮೊಟ್ಟೆ ತಂದು ಮಗುವಿಗೆ ಅರ್ಧರ್ಧ ಹಂಚುವುದು ನಷ್ಟದ ವ್ಯವಹಾರ. ಪ್ರೋಟೀನು, ಕೋಲಿನ್, ಬಿ-12 ಮೊದಲಾದವು ಎರಡರಲ್ಲಿಯೂ ಬಹುತೇಕ ಒಂದೇ. ಮಕ್ಕಳ ಅಪೌಷ್ಟಿಕತೆ ನಿವಾರಣೆಗಾಗಿ ಡಿಸೆಂಬರ್ 2021ರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಆರಂಭಗೊಂಡು ನಂತರ ರಾಜ್ಯದಾದ್ಯಂತ ವಿಸ್ತರಿಸಲಾದ ಶಾಲಾ ಮೊಟ್ಟೆ ವಿತರಣೆಯಲ್ಲಿಯೂ, ಅಕ್ಟೋಬರ್ 2017ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿಯೂ ಸಾಮಾನ್ಯ ಮೊಟ್ಟೆಯೇ ಬಳಕೆಯಾಗಿದೆ. ತಟ್ಟೆಗೆ ಮೊದಲು ಮೊಟ್ಟೆ ಬರಬೇಕು. ಅದು ಯಾವ ಮೊಟ್ಟೆ ಎಂಬುದು ನಂತರದ ಪ್ರಶ್ನೆ. ಗರ್ಭಿಣಿಯರು ಅಂಗನವಾಡಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳದೆ ಉಳಿದಿದ್ದಲ್ಲಿ ತಾಯಿ ಕಾರ್ಡ್‌ನೊಂದಿಗೆ ಸಂಬಂಧಪಟ್ಟ ಅಂಗನವಾಡಿ ಕಾರ್ಯಕರ್ತೆಯರನ್ನು ಸಂಪರ್ಕಿಸುವುದು.

ಮೊಟ್ಟೆ ಸೇವಿಸದವರು ಅಗಸೆ, ಆಕ್ರೋಟು, ಸೋಯಾ ಅಥವಾ ಸಾಸಿವೆ ಎಣ್ಣೆಗಳಿಂದ ಎಎಲ್‌ಎ ಪಡೆಯಬಹುದು. ಪಾಚಿಯಿಂದ ತಯಾರಿಸಿದ ಡಿಎಚ್‌ಎ ಸಸ್ಯಾಹಾರಿಗಳಿಗೂ ಲಭ್ಯವಿದ್ದು, ಗರ್ಭಿಣಿಯರು ಅದನ್ನು ವೈದ್ಯರ ಸಲಹೆಯ ಮೇರೆಗೆ ಬಳಸತಕ್ಕದ್ದು.

ಹೃದಯ ಮತ್ತು ಕೊಲೆಸ್ಟರಾಲ್ ಕುರಿತು

ಒಮೆಗಾ-3 ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಇಲ್ಲ ಅಥವಾ ಬಹಳ ಕಡಿಮೆ ಎಂಬ ಮಾತನ್ನು ನಂಬಬಾರದು. ಕೋಳಿಯ ಆಹಾರವನ್ನು ಬದಲಿಸಿ ಒಮೆಗಾ-3 ಹೆಚ್ಚಿಸುವುದು ಸುಲಭ, ಕೊಲೆಸ್ಟರಾಲ್ ತಗ್ಗಿಸುವುದು ಅಷ್ಟು ಸುಲಭವಲ್ಲ. ಹಳದಿಯೊಳಗಿನ ಭ್ರೂಣದ ಬೆಳವಣಿಗೆಗೆ ಅದು ಅಗತ್ಯವಾದುದರಿಂದ ಕೋಳಿಯು ಅದನ್ನು ಬಿಟ್ಟುಕೊಡುವುದಿಲ್ಲ. ಒಂದು ಮೊಟ್ಟೆಯಲ್ಲಿ ಅಂದಾಜು 185 ಮಿಲಿಗ್ರಾಂ ಕೊಲೆಸ್ಟರಾಲ್ ಇದ್ದೇ ಇರುತ್ತದೆ. ಪರ್ಯಾಪ್ತ ಕೊಬ್ಬು ಕೂಡ ಹೆಚ್ಚು ಬದಲಾಗುವುದಿಲ್ಲ.

ಆಹಾರದ ಕೊಲೆಸ್ಟರಾಲ್ ಕುರಿತ ಅಭಿಪ್ರಾಯವು ಕಳೆದ ವರ್ಷಗಳಲ್ಲಿ ಸಡಿಲಗೊಂಡಿದೆ. ಅಮೆರಿಕದ 2015-2020ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಕೈಬಿಡಲಾಯಿತು. ಆರೋಗ್ಯವಂತ ವಯಸ್ಕರು ದಿನಕ್ಕೆ ಒಂದು ಪೂರ್ಣ ಮೊಟ್ಟೆ ಸೇವಿಸಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2019ರ ವೈಜ್ಞಾನಿಕ ಸಲಹೆಯು ತಿಳಿಸಿದೆ. ಮಧುಮೇಹ, ಹೃದ್ರೋಗ ಅಥವಾ ರಕ್ತದಲ್ಲಿ ಅಧಿಕ ಕೊಲೆಸ್ಟರಾಲ್ ಇರುವವರು ತಮ್ಮ ವೈದ್ಯರನ್ನು ಕೇಳಿ ಪ್ರಮಾಣವನ್ನು ನಿರ್ಧರಿಸುವುದು. ಪೊಟ್ಟಣದ ಮೇಲಿರುವ ಹೃದಯದ ಚಿತ್ರವು ವೈದ್ಯರ ಸಲಹೆಗೆ ಬದಲಿಯಾಗದು.

ಒಮೆಗಾ-3ರಿಂದ ಹೃದಯಾಘಾತ ತಪ್ಪುತ್ತದೆ ಎಂಬುದೂ ಅತಿಶಯೋಕ್ತಿ. 2020ರಲ್ಲಿ ಪರಿಷ್ಕರಿಸಲಾದ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಪಿಎ ಮತ್ತು ಡಿಎಚ್‌ಎಗಳನ್ನು ಹೆಚ್ಚಾಗಿ ಸೇವಿಸುವುದರಿಂದ ರಕ್ತದ ಟ್ರೈಗ್ಲಿಸರೈಡ್ ಇಳಿಯುತ್ತದೆ, ಹೃದಯದ ರಕ್ತನಾಳದ ಕಾಯಿಲೆಯಲ್ಲಿ ಅಲ್ಪ ಪ್ರಯೋಜನ ಕಾಣುತ್ತದೆ, ಒಟ್ಟಾರೆ ಮರಣ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ಮೊಟ್ಟೆಯ ಭರವಸೆಯ ಮೇಲೆ ಅದನ್ನು ನಿಲ್ಲಿಸಲೇಬಾರದು.

ಬೇಯಿಸುವಿಕೆ ಮತ್ತು ಶೇಖರಣೆ: ಚಿಪ್ಪಿನ ಸಮೇತ ಬೇಯಿಸಿದ ಮೊಟ್ಟೆಯಲ್ಲಿ ಒಮೆಗಾ-3 ಬಹುಮಟ್ಟಿಗೆ ಉಳಿಯುತ್ತದೆ. ಹೆಚ್ಚು ಎಣ್ಣೆಯಲ್ಲಿ ಹೆಚ್ಚು ಹೊತ್ತು ಕರಿಯುವುದು ಸೂಕ್ತವಲ್ಲ. ಹಸಿಯಾಗಿ ಸೇವಿಸಿದರೆ ಪೌಷ್ಟಿಕಾಂಶ ಹೆಚ್ಚು ದೊರೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಸಾಲ್ಮೊನೆಲ್ಲಾ ಸೋಂಕಿನ ಅಪಾಯವಿರುವುದರಿಂದ ಗರ್ಭಿಣಿಯರು ಮತ್ತು ಮಕ್ಕಳು ಹಳದಿ ಭಾಗ ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನತಕ್ಕದ್ದು. ಮೊಟ್ಟೆಯ ಅಲರ್ಜಿ ಇರುವವರಿಗೆ ಈ ಮೊಟ್ಟೆಯೂ ವರ್ಜ್ಯ.

ಸಾಕಣೆದಾರರ ಗಮನಕ್ಕೆ

ಸಣ್ಣ ಪ್ರಮಾಣದಲ್ಲಿ ಮೊಟ್ಟೆಕೋಳಿ ಸಾಕುವವರು ಒಮೆಗಾ-3 ಮೊಟ್ಟೆಯಿಂದ ಅಧಿಕ ಲಾಭ ನಿರೀಕ್ಷಿಸುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕುವುದು ಒಳಿತು. ಒಂದು ಮೊಟ್ಟೆಕೋಳಿಯು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಆಹಾರದಲ್ಲಿ ಅಗಸೆ ಶೇಕಡ 10ರಷ್ಟು ಇದ್ದರೆ 100 ಕೋಳಿಗಳಿಗೆ ದಿನಕ್ಕೆ 1.1 ಕಿಲೋ, ತಿಂಗಳಿಗೆ 33 ಕಿಲೋ ಅಗಸೆ ಬೇಕು. ಅಗಸೆಯ ಬೆಲೆ ಕಿಲೋಗೆ 90 ರೂಪಾಯಿ, ಅದು ಬದಲಿಸುವ ಇತರ ಆಹಾರದ ಬೆಲೆ 35 ರೂಪಾಯಿ ಎಂದು ಉದಾಹರಣೆಗಾಗಿ ಭಾವಿಸಿದಲ್ಲಿ ತಿಂಗಳ ಹೆಚ್ಚುವರಿ ವೆಚ್ಚ 1,815 ರೂಪಾಯಿ. ಶೇಕಡ 85ರಷ್ಟು ಮೊಟ್ಟೆ ಬಂದಲ್ಲಿ ತಿಂಗಳಿಗೆ 2,550 ಮೊಟ್ಟೆಗಳಾಗುವುದರಿಂದ ಪ್ರತಿ ಮೊಟ್ಟೆಗೆ ತಗಲುವುದು ಸುಮಾರು 71 ಪೈಸೆ. ಕೇವಲ ಇದನ್ನು ನೋಡಿದರೆ ವ್ಯವಹಾರ ಬಹಳ ಲಾಭಕರವೆನಿಸುತ್ತದೆ. ಆದರೆ ಆಹಾರಕ್ಕೆ ಸೇರಿಸಬೇಕಾದ ವಿಟಮಿನ್ ಇ, ಪ್ರಯೋಗಾಲಯದ ಪರೀಕ್ಷಾ ಶುಲ್ಕ, ಪೊಟ್ಟಣ, ಸಾಗಾಣಿಕೆ, ಮಾರಾಟವಾಗದೆ ಉಳಿದ ಮೊಟ್ಟೆ, ಇವೆಲ್ಲವೂ ಈ 71 ಪೈಸೆಯ ಹೊರಗಿವೆ. ಆರಂಭದ ಮೂರು ವಾರಗಳ ಸುಮಾರು 1,785 ಮೊಟ್ಟೆಗಳನ್ನು ವಿಶೇಷ ಆಹಾರ ತಿನ್ನಿಸಿಯೂ ಸಾಮಾನ್ಯ ಬೆಲೆಗೇ ಮಾರಬೇಕಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಹೆಚ್ಚಿನ ಬೆಲೆ ಕೊಡುವ ಖಾಯಂ ಗಿರಾಕಿಗಳು ಸಿದ್ಧರಿದ್ದಾರೆಯೇ ಎಂಬುದೇ ಇಲ್ಲಿ ನಿರ್ಣಾಯಕ. ಕೋಳಿಗಿಂತ ಮೊದಲು ಕೊಳ್ಳುವವರನ್ನು ಹುಡುಕಿಕೊಳ್ಳುವುದು ಕ್ಷೇಮ.

ತಾಂತ್ರಿಕವಾಗಿ ಗಮನಿಸಬೇಕಾದ ಕೆಲವು ಅಂಶಗಳಿವೆ. ಅಗಸೆಯ ಪ್ರಮಾಣ ಶೇಕಡ 10ನ್ನು ಮೀರಿದಲ್ಲಿ ಮೊಟ್ಟೆಯ ತೂಕ ಕಡಿಮೆಯಾಗುವ, ರುಚಿ ಕೆಡುವ ಸಂಭವವಿದೆ. ಹಸಿ ಅಗಸೆಯಲ್ಲಿ ಬಿ-6 ಜೀವಸತ್ವಕ್ಕೆ ವಿರುದ್ಧವಾಗಿ ವರ್ತಿಸುವ ಅಂಶವೂ, ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳೂ, ಹಿಕ್ಕೆಯನ್ನು ಅಂಟಾಗಿಸುವ ಲೋಳೆಯೂ ಇರುತ್ತವೆ. ಆದಕಾರಣ ಮರಿಗಳಿಗೆ ಅಗಸೆ ಕೊಡಬಾರದು. ಮೊಟ್ಟೆಕೋಳಿಗಳಿಗೂ ಶಾಖದಿಂದ ಸಂಸ್ಕರಿಸಿದ ಅಗಸೆ ಉತ್ತಮ. ಪುಡಿ ಮಾಡಿದ ಅಗಸೆ ಬೇಗ ಕಮಟುವುದರಿಂದ ವಾರಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಕೊಳ್ಳತಕ್ಕದ್ದು. ವಿಟಮಿನ್ ಇ ಸೇರಿಸುವುದು ಅಲಂಕಾರಕ್ಕಲ್ಲ. ಒಮೆಗಾ-3 ಕೊಬ್ಬು ಗಾಳಿಯೊಡನೆ ಸೇರಿ ಕೆಡುವುದನ್ನು ಅದು ತಡೆಯುತ್ತದೆ. ಕಂದು ಮೊಟ್ಟೆಯಿಡುವ ಕೆಲವು ತಳಿಗಳಲ್ಲಿ ಅನುವಂಶೀಯ ಕಾರಣದಿಂದ, ಸಾಸಿವೆ ಜಾತಿಯ ಹಿಂಡಿ ತಿಂದಾಗ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಅಂತಹ ಹಿಂಡಿಯನ್ನು ಬಳಸುವವರು ಎಚ್ಚರ ವಹಿಸುವುದು. ಆಹಾರದ ಸೂತ್ರವನ್ನು ಬದಲಿಸುವ ಮುನ್ನ ಸಮೀಪದ ಪಶುವೈದ್ಯರನ್ನು ಅಥವಾ ಬೀದರ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜುಗಳ ಕುಕ್ಕುಟ ವಿಜ್ಞಾನ ವಿಭಾಗವನ್ನು ಸಂಪರ್ಕಿಸಬಹುದಾಗಿದೆ.

ಸಹಾಯಧನದ ಕುರಿತು ಒಂದು ಸ್ಪಷ್ಟೀಕರಣ. 2021-22ರಲ್ಲಿ ಪರಿಷ್ಕರಿಸಲಾದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಕುಕ್ಕುಟ ಘಟಕಕ್ಕೆ ಶೇಕಡ 50ರಷ್ಟು, ಗರಿಷ್ಠ 25 ಲಕ್ಷ ರೂಪಾಯಿಗಳವರೆಗೆ ನಿಗದಿಪಡಿಸಲಾದ ಬಂಡವಾಳ ಸಹಾಯಧನವು ಗ್ರಾಮೀಣ ಕೋಳಿಗಳ ಮಾತೃಕೋಳಿ ಘಟಕ, ಮರಿ ಉತ್ಪಾದನೆ ಮತ್ತು ಮರಿ ಪಾಲನೆಗೆ ಸಂಬಂಧಿಸಿದ್ದಾಗಿದೆ. ಒಮೆಗಾ-3 ಮೊಟ್ಟೆ ಮಾರಾಟಕ್ಕೆಂದೇ ಇದರಲ್ಲಿ ಹಣ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಅರ್ಜಿದಾರರು ಹಣ ನೀಡಬಾರದು. ಯೋಜನೆಯ ಪ್ರಚಲಿತ ನಿಯಮಗಳನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ನಂತರವೇ ಅರ್ಜಿ ಸಲ್ಲಿಸುವುದು.

ಪರವಾನಗಿ, ಹೇಳಿಕೆ ಮತ್ತು ದೂರು

ತನ್ನ ಜಮೀನಿನ ಕೋಳಿಗಳ ಮೊಟ್ಟೆಯನ್ನು ಬಿಡಿಯಾಗಿ ಮಾರುವ ರೈತನ ಸ್ಥಿತಿ ಬೇರೆ; ಬ್ರಾಂಡ್ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಪೌಷ್ಟಿಕಾಂಶದ ಹೇಳಿಕೆಯನ್ನು ಮುದ್ರಿಸಿ ಮಾರುವವರ ಸ್ಥಿತಿ ಬೇರೆ. ಎರಡನೆಯವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ವಹಿವಾಟಿಗೆ ಅನುಗುಣವಾಗಿ ನೋಂದಣಿ ಅಥವಾ ಪರವಾನಗಿ ಪಡೆದಿರತಕ್ಕದ್ದು. ಅರ್ಜಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ಪೊಟ್ಟಣದ ಮೇಲಿನ ಹೇಳಿಕೆಗಳಿಗೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯೂ 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಾವಳಿಯೂ ಅನ್ವಯಿಸುತ್ತವೆ. ಮೊಟ್ಟೆಯು ರೋಗವನ್ನು ವಾಸಿಮಾಡುತ್ತದೆ ಎಂದು ಮುದ್ರಿಸಲು ಅವಕಾಶವಿಲ್ಲ. ಕಾಯ್ದೆಯ 53ನೇ ಪ್ರಕರಣದ ಮೇರೆಗೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಸಣ್ಣ ಉತ್ಪಾದಕರು ಯಾರದೋ ಪೊಟ್ಟಣದ ಅಂಕಿಗಳನ್ನು ನಕಲು ಮಾಡದೆ, ತಮ್ಮದೇ ಮೊಟ್ಟೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬಂದ ಅಂಕಿಯನ್ನೇ ಮುದ್ರಿಸುವುದು.

ಗ್ರಾಹಕರಿಗೆ ಇದೇ ಕಾಯ್ದೆಯ 40ನೇ ಪ್ರಕರಣವು ಹೆಚ್ಚು ಪ್ರಚಾರವಿಲ್ಲದ ಒಂದು ಹಕ್ಕನ್ನು ನೀಡಿದೆ. ಕೊಂಡ ಆಹಾರ ಪದಾರ್ಥವನ್ನು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ಪದಾರ್ಥವು ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿಯಲ್ಲಿ ಕಂಡುಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಖರೀದಿದಾರರು ಅರ್ಹರಾಗಿರುತ್ತಾರೆ. ಒಬ್ಬರೇ ಶುಲ್ಕ ಭರಿಸುವುದು ಕಷ್ಟವಾದಲ್ಲಿ ಒಂದೇ ಬ್ರಾಂಡ್ ಕೊಳ್ಳುವ ನೆರೆಹೊರೆಯವರು ಅಥವಾ ಸ್ವಸಹಾಯ ಸಂಘದ ಸದಸ್ಯರು ಕೂಡಿ ಈ ಸೌಲಭ್ಯವನ್ನು ಬಳಸಿಕೊಳ್ಳಬಹುದು.

ಪೊಟ್ಟಣದ ಮೇಲೆ ಡಿಎಚ್‌ಎ ಪ್ರಮಾಣ, ಪ್ಯಾಕ್ ಮಾಡಿದ ದಿನಾಂಕ ಅಥವಾ ಪರವಾನಗಿ ಸಂಖ್ಯೆ ಇಲ್ಲದಿದ್ದಲ್ಲಿ, ಇಲ್ಲವೆ ಹೇಳಿಕೆಯ ಬಗ್ಗೆ ಅನುಮಾನವಿದ್ದಲ್ಲಿ ಆಯಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ಪ್ರಾಧಿಕಾರದ ಶುಲ್ಕರಹಿತ ದೂರವಾಣಿ 1800 112 100 ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದಾಗಿದೆ. ದೂರಿನೊಂದಿಗೆ ಖರೀದಿಯ ರಸೀದಿ, ಪೊಟ್ಟಣದ ಎಲ್ಲ ಬದಿಗಳ ಛಾಯಾಚಿತ್ರ ಹಾಗೂ ಅಂಗಡಿಯ ವಿಳಾಸವನ್ನು ಲಗತ್ತಿಸುವುದು. ಖಾಲಿ ಪೊಟ್ಟಣವನ್ನು ದೂರು ಇತ್ಯರ್ಥವಾಗುವವರೆಗೆ ಎಸೆಯದೆ ಇಟ್ಟುಕೊಂಡಿರತಕ್ಕದ್ದು.